ಅಬ್ಲೇಷನ್ ಮರುದಿನ ಕ್ಯಾಪ್ಸೂಲ್ ನುಂಗಿಸುವಾಗ

"ಅಲ್ಲಮ್ಮ, ಚಿಕಿತ್ಸೆ ಆಗಿದ್ದು ಹೃದಯಕ್ಕೆ. ಗಂಟಲಲ್ಲಿ ಏನ್ ನೋಡ್ತೀರಿ?"

ಕೇಳಿದವರು ಹಾಸನದ ಕಡೆಯ ಹಿರಿಯರು, ಅಮೆರಿಕಕ್ಕೆ ಮಗಳ ಮನೆಗೆ ಬಂದಿದ್ದರು. ಎದೆಬಡಿತ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್‌ಗೆ ಹಿಂದಿನ ದಿನ ಅಬ್ಲೇಷನ್ ಆಗಿತ್ತು. ನಾನು ಅಲ್ಲಿನ ಎಂಡೋಸ್ಕೋಪಿ ವಿಭಾಗದ ನರ್ಸ್.

"ಅನ್ನನಾಳ ಹೃದಯದ ಬೆನ್ನಿಗೇ ಒತ್ತಿಕೊಂಡಿರುತ್ತೆ ಸಾರ್. ಅಲ್ಲಿ ಕೊಟ್ಟ ಬಿಸಿ ಇಲ್ಲಿಗೂ ತಾಕಿದೆಯಾ ನೋಡ್ಬೇಕು," ಎಂದೆ.

ಈ ತಾಳ ತಪ್ಪುವಿಕೆಯ ಕಿಡಿ ಹೆಚ್ಚಾಗಿ ಶ್ವಾಸಕೋಶದ ರಕ್ತನಾಳಗಳಿಂದ ಹೊರಡುತ್ತದೆ ಎಂದು 1998ರಲ್ಲಿ ಫ್ರಾನ್ಸಿನ ಬೋರ್ಡೊದಲ್ಲಿ ಮಿಷೆಲ್ ಹೈಸಾಗೆರ್ ತಂಡ ತೋರಿಸಿತು. ಆ ನಾಳಗಳು ಹೃದಯದ ಎಡ ಮೇಲ್ಕೋಣೆಗೆ ಸೇರುವ ಜಾಗದ ಸುತ್ತ ಸುಡುವುದೇ ಅಬ್ಲೇಷನ್. ಕೋಣೆಯ ಹಿಂಗೋಡೆ ಬಹಳ ತೆಳು. ಅದರ ಹಿಂದೆಯೇ ಅನ್ನನಾಳ. ಸಣ್ಣ ಗಾಯವಾದರೆ ಸಾಮಾನ್ಯವಾಗಿ ತಾನೇ ಮಾಯುತ್ತದೆ. ಅಪರೂಪಕ್ಕೆ ಆಳಕ್ಕಿಳಿದು, ವಾರಗಳ ನಂತರ ಹೃದಯಕ್ಕೂ ಅನ್ನನಾಳಕ್ಕೂ ನಡುವೆ ತೂತು ಬೀಳುತ್ತದೆ. ಆಮೇಲೆ ಜೀವ ಉಳಿಸುವುದು ಬಹಳ ಕಷ್ಟ.

ಅದನ್ನು ನೋಡಲು ನುಂಗಿಸುವುದೇ ಕ್ಯಾಮೆರಾ ಇರುವ ಕ್ಯಾಪ್ಸೂಲ್. ನಮ್ಮಲ್ಲಿದ್ದದ್ದು ಪಿಲ್‌ಕ್ಯಾಮ್ ಈಎಸ್‌ಓ 2 ಎಂಬುದು. ಉದ್ದ 26 ಮಿಲಿಮೀಟರ್, ದಪ್ಪ 11. ಎರಡೂ ತುದಿಗೆ ಕ್ಯಾಮೆರಾ, ಸೆಕೆಂಡಿಗೆ 18 ಚಿತ್ರ. ಮತ್ತೆ ಮಂಪರು ಕೊಡಬೇಕಿಲ್ಲ, ಕೊಳವೆ ಇಳಿಸಿ ಗಾಳಿ ಊದಬೇಕಿಲ್ಲ. ಅದೇ ಇದರ ದೊಡ್ಡ ಅನುಕೂಲ.

ಮೊದಲ ಸಲ ಒಬ್ಬರಿಗೆ ಕೂರಿಸಿಯೇ ನುಂಗಿಸಿದ್ದೆ. ಕ್ಯಾಪ್ಸೂಲ್ ಸರ್ರನೆ ಹೊಟ್ಟೆಗೆ ಜಾರಿತು. ನೋಡಬೇಕಿದ್ದ ಜಾಗದ್ದು ಎರಡು ಮೂರು ಮಸುಕು ಚಿತ್ರ ಮಾತ್ರ ಸಿಕ್ಕವು. ತುಂಬಾ ಬೇಜಾರಾಯಿತು. ಅಂದಿನಿಂದ ಬಲ ಮಗ್ಗುಲಿಗೆ ಮಲಗಿಸುವುದನ್ನು ಬಿಟ್ಟಿಲ್ಲ.

ಇವರಿಗೂ ಹಾಗೇ ಮಾಡಿದೆ. ಖಾಲಿ ಹೊಟ್ಟೆ. ಮೊದಲು ನೊರೆ ಹೋಗಲು ಸಿಮೆಥಿಕೋನ್ ಹನಿ ಹಾಕಿದ ನೀರು. ಎದೆಗೆ ಸೆನ್ಸರ್, ಸೊಂಟಕ್ಕೆ ರೆಕಾರ್ಡರ್. ತೊಡೆಸಂದಿನಲ್ಲಿ ತಂತಿ ತೂರಿಸಿದ ಗಾಯ ಇನ್ನೂ ಹಸಿ, ಮೇಲಾಗಿ ರಕ್ತ ತೆಳು ಮಾಡುವ ಮಾತ್ರೆ ಬೇರೆ. ಹಾಗಾಗಿ ಅಲ್ಲಿನ ಪಟ್ಟಿಯ ಮೇಲೆ ಅಂಗೈ ಒತ್ತಿ ಹಿಡಿದು ನಿಧಾನ ಹೊರಳಿಸಿದೆ. ಮಲಗಿದ್ದಂತೆಯೇ ಕ್ಯಾಪ್ಸೂಲ್ ನುಂಗಿದರು. ಅರ್ಧ ನಿಮಿಷಕ್ಕೊಮ್ಮೆ ಸ್ಟ್ರಾದಲ್ಲಿ ಒಂದೇ ಗುಟುಕು, ಸುಮಾರು 15 ಮಿಲಿಲೀಟರ್. ಹೀಗೆ ಏಳು ನಿಮಿಷ. "ಮಾತಾಡ್ಬೇಡಿ ಸಾರ್" ಅಂದಿದ್ದಕ್ಕೆ ಕಣ್ಣಲ್ಲೇ ಹೂಂಗುಟ್ಟಿದರು.

ಚಿತ್ರ ನೋಡುವಾಗ ಡಾಕ್ಟರ ಪಕ್ಕ ನಾನೂ ಕೂತಿದ್ದೆ. ಗೋಡೆಯ ಒಂದು ಕಡೆ ಲಯವಾಗಿ ಒಳಕ್ಕುಬ್ಬಿ ಹಿಂದೆ ಸರಿಯುತ್ತಿತ್ತು. ಅದು ಹೃದಯದ ಬಡಿತ. ಅಲ್ಲೇ ಒಂದು ಕೆಂಪು ಗಾಯ, ನಡುವೆ ಬಿಳಿಚು ಪೊರೆ. ಚಿಕ್ಕದೇ. ಆದರೆ ಎಷ್ಟು ಆಳ ಅಂತ ಕ್ಯಾಪ್ಸೂಲ್ ಹೇಳುವುದಿಲ್ಲ. ರೋಗಿಗಳ ಮನೆಯವರಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ. ಚಿತ್ರ ಚೆನ್ನಾಗಿ ಬಂದವರಿಗೂ ಹೇಳುತ್ತೇನೆ.

ಅವರಿಗೆ ಆಮ್ಲ ತಗ್ಗಿಸುವ ಮಾತ್ರೆ ಬರೆದರು. ಕ್ಯಾಪ್ಸೂಲ್ ಹೊರಗೆ ಹೋಗುವವರೆಗೆ ಎಂಆರ್‌ಐ ಬೇಡ ಎಂದರು. ನಾನು ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಟ್ಟೆ: ಜ್ವರ, ಎದೆನೋವು, ನುಂಗುವಾಗ ನೋವು, ಮಾತು ತೊದಲುವುದು, ಕೈಕಾಲು ಸೋಲುವುದು, ಇದರಲ್ಲಿ ಒಂದು ಕಂಡರೂ ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ. ಮೊದಲು ಅಬ್ಲೇಷನ್ ಆದ ತಾರೀಕು ಹೇಳಿ. ಎದೆಯ ಸಿಟಿ ಸ್ಕ್ಯಾನ್ ಆಗದೆ ಗಂಟಲಿಗೆ ಎಂಡೋಸ್ಕೋಪಿ ಕೊಳವೆ ಇಳಿಸಲು ಬಿಡಬೇಡಿ. ತೂತಿದ್ದರೆ ಊದಿದ ಗಾಳಿ ಹೃದಯಕ್ಕೆ ನುಗ್ಗಿ ಮಿದುಳಿಗೆ ಹೋಗಬಹುದು.

ಮಗಳು ಚೀಟಿಯನ್ನು ಎರಡು ಸಲ ಓದಿದರು. "ಎಷ್ಟು ದಿನ ಹುಷಾರಾಗಿರ್ಬೇಕು?"

"ಎರಡು ತಿಂಗಳು. ಅಲ್ಲಿಯವರೆಗೆ ಫ್ರಿಜ್ ಮೇಲೆ ಅಂಟಿಸಿಡಿ," ಎಂದೆ.