ಟೈಮ್‌ಔಟ್‌ನ 30 ಸೆಕೆಂಡಿನಲ್ಲಿ ಮಕ್ಕಳಿಗೆ ಏನು ಹೇಳೋದು?

ನಾನು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ಕಬಡ್ಡಿ ಕಲಿಸುತ್ತೇನೆ. ಕಬಡ್ಡಿಯಲ್ಲಿ ಟೈಮ್‌ಔಟ್ ಅಂದರೆ ಬರೀ 30 ಸೆಕೆಂಡು, ಒಂದು ರೈಡಿಗೆ ಸಿಗುವಷ್ಟೇ ಸಮಯ. ಅಷ್ಟರಲ್ಲಿ ನೋಡಿದ್ದನ್ನೆಲ್ಲ ಹೇಳಿಬಿಡೋಣ ಅನ್ನಿಸುತ್ತೆ ಅಲ್ವಾ? ನಾನು ಮೊದಲು ಸುಮ್ಮನಿರುತ್ತೇನೆ. ಮಕ್ಕಳು ನೀರು ಕುಡಿಯಲಿ, ಉಸಿರು ಹದಕ್ಕೆ ಬರಲಿ. ಏದುಸಿರು ಬಿಡುವವರ ತಲೆಗೆ ಏನೂ ಹೋಗುವುದಿಲ್ಲ. ಆಮೇಲೆ ಒಂದೇ ಮಾತು.

ಆ ಮಾತು ಕೈಗೋ ಕಾಲಿಗೋ ಕೆಲಸ ಕೊಡುವಂತಿರಬೇಕು. ‘ಧೈರ್ಯವಾಗಿ ಆಡ್ರೋ’ ಅಂದರೆ ಅವರು ಏನು ಮಾಡಬೇಕು? ಅದರ ಬದಲು, ‘ಅವ್ನು ಬೋನಸ್‌ಗೆ ಬಲಗಾಲೇ ಚಾಚ್ತಾನೆ, ಆ ಕಾಲು ನೋಡ್ಕೋ’ ಎಂದು ಕಾರ್ನರ್ ಹುಡುಗನಿಗೆ, ಅಂದರೆ ಸಾಲಿನ ತುದಿಯಲ್ಲಿ ನಿಲ್ಲುವವನಿಗೆ ಹೇಳುತ್ತೇನೆ. ಬೋನಸ್ ಅಂದರೆ ರೈಡರ್ ಬೋನಸ್ ಗೆರೆ ದಾಟಿ ಕಾಲಿಟ್ಟರೆ ಸಿಗುವ ಅಂಕ. ‘ಅರ್ಥ ಆಯ್ತಾ?’ ಎಂದು ಮಾತ್ರ ಕೇಳುವುದಿಲ್ಲ. ಕೇಳಿದರೆ ಏಳೂ ಜನ ‘ಹೂಂ ಸರ್’ ಅಂತಾರೆ. ‘ಈಗ ಏನ್ ಮಾಡ್ತೀಯ?’ ಎಂದು ಕೇಳುತ್ತೇನೆ. ‘ಮುಂದೆ ನುಗ್ಗಲ್ಲ ಸರ್. ಕಾಲು ಇಟ್ಟ ತಕ್ಷಣ ಆಂಕಲ್ ಹಿಡೀತೀನಿ’ ಅಂದರೆ ಮಾತು ಮುಟ್ಟಿದೆ ಎಂದು ಅರ್ಥ.

ಇಷ್ಟು ಚುಟುಕಾಗಿ ಹೇಳಲು ಆಗುವುದು ದಿನದ ಪ್ರಾಕ್ಟೀಸ್‌ನಿಂದ. ಪ್ರತಿ ಕ್ಯಾಚ್‌ಗೂ ನಮ್ಮಲ್ಲಿ ಒಂದೇ ಹೆಸರು. ನಾನೂ ಅದನ್ನೇ ಹೇಳಬೇಕು, ಕ್ಯಾಪ್ಟನ್ನೂ ಅದನ್ನೇ ಹೇಳಬೇಕು. ಚೈನ್ ಹಿಡಿದು, ಅಂದರೆ ಅಕ್ಕಪಕ್ಕದವರು ಕೈ ಕೈ ಹಿಡಿದು ನಿಂತಾಗಲಂತೂ ಬಾಯಿ ತೆರೆಯುವ ಹಾಗೇ ಇಲ್ಲ, ರೈಡರ್‌ಗೂ ಕೇಳಿಸುತ್ತದೆ. ಅಲ್ಲಿ ಮಾತಾಡುವುದು ಕೈ. ಪಕ್ಕದವನ ಅಂಗೈಯನ್ನು ಒಂದು ಸಲ ಒತ್ತಿದರೆ ‘ನಿಲ್ಲು’, ಎರಡು ಸಲ ಒತ್ತಿದರೆ ‘ನುಗ್ಗು’. ಈ ಸನ್ನೆಗಳನ್ನು ಮಕ್ಕಳೇ ಕೂತು ಗೊತ್ತು ಮಾಡಿಕೊಂಡರು. ತಾವೇ ಮಾಡಿಕೊಂಡಿದ್ದು ನೋಡಿ, ಎಂಥಾ ಗಲಾಟೆಯಲ್ಲೂ ಮರೆಯುವುದಿಲ್ಲ.

ತಪ್ಪು ತಿದ್ದುವಾಗ ಇನ್ನೂ ಜಾಸ್ತಿ ಎಚ್ಚರ ಬೇಕು. ಹತ್ತು ಜನರ ಎದುರು ಬೈಸಿಕೊಂಡ ಹುಡುಗಿಗೆ ನೆನಪಿರುವುದು ಅವಮಾನ, ತಪ್ಪಲ್ಲ. ಅದಕ್ಕೇ ಪಕ್ಕಕ್ಕೆ ಕರೆದು, ‘ಆ ರೈಡಲ್ಲಿ ಏನಾಯ್ತಮ್ಮ?’ ಎಂದು ಮೊದಲು ಅವಳ ಬಾಯಲ್ಲೇ ಕೇಳುತ್ತೇನೆ. ಮುಕ್ಕಾಲು ಪಾಲು ಅವಳಿಗೇ ಗೊತ್ತಿರುತ್ತದೆ. ‘ಸರ್, ಕವರ್ ನೋಡ್ಲೇ ಇಲ್ಲ’ ಅಂತಾಳೆ. ಕವರ್ ಅಂದರೆ ಸಾಲಿನ ನಡುವಿನವಳ ಪಕ್ಕದಲ್ಲಿ ನಿಲ್ಲುವವಳು. ಮತ್ತೆ ನಾನು ಭಾಷಣ ಮಾಡುವುದು ಯಾಕೆ? ಕವರ್‌ನಲ್ಲಿ ಒಬ್ಬಳನ್ನು ನಿಲ್ಲಿಸಿ ಅದೇ ರೈಡನ್ನು ಮತ್ತೆ ಮಾಡಿಸುತ್ತೇನೆ. ತರಗತಿಯಲ್ಲಿ ಲೆಕ್ಕ ತಪ್ಪಿದ ಮಗುವಿಗೂ ಇದೇ ದಾರಿ ಸರಿ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಹೋಬಳಿ ಮಟ್ಟದಲ್ಲೋ ತಾಲೂಕು ಮಟ್ಟದಲ್ಲೋ ಸೋತ ದಿನ ಆಟದ ಮಾತೇ ಎತ್ತುವುದಿಲ್ಲ. ಊಟ ಮಾಡಿಸಿ, ಎಲ್ಲರೂ ಮನೆ ಸೇರಿದರಾ ಎಂದು ವಿಚಾರಿಸುತ್ತೇನೆ, ಅಷ್ಟೇ. ಮುಂದಿನ ಪ್ರಾಕ್ಟೀಸ್‌ಗೆ ಬಂದಾಗ ಒಬ್ಬೊಬ್ಬರನ್ನೂ ಕೇಳುವುದು ಒಂದೇ ಪ್ರಶ್ನೆ: ‘ಯಾವ ರೈಡ್ ಇನ್ನೊಂದ್ಸಲ ಸಿಕ್ಕಿದ್ರೆ ಚೆನ್ನಾಗಿತ್ತು ಅನ್ಸುತ್ತೆ?’ ಅವರು ಹೇಳಿದ ರೈಡಿನಿಂದಲೇ ಅಂದಿನ ಪ್ರಾಕ್ಟೀಸ್ ಶುರು.