ಕಡಲಂಚಿನ ಮರದ ಮನೆಗೆ ಸೀಡರ್ ಬಿಲ್ಲೆ ಹೊದಿಸುವುದು

ಅಮೆರಿಕದ ಕೇಪ್ ಕಾಡ್ ಕೊಲ್ಲಿಯ ದಡದಲ್ಲಿರುವ ನಮ್ಮ ಹಳೆಯ ಮರದ ಮನೆಯಲ್ಲಿ ಪ್ರತಿ ವಸಂತದಲ್ಲೂ ನಾನು ಮೊದಲು ನೋಡುವುದು ತಳದ ತೊಲೆಯನ್ನು. ದಬ್ಬಳದಿಂದ ಚುಚ್ಚಿ ನೋಡಿ. ಮೊನೆ ಸಲೀಸಾಗಿ ಇಳಿದರೆ ಒಳಗೆ ಕೊಳೆತಿದೆ ಎಂದರ್ಥ. ಗೋಡೆ ಮುಟ್ಟುವ ಮುನ್ನ ಬಡಗಿಯನ್ನು ಕರೆಯಿರಿ.

ತೊಲೆ ಗಟ್ಟಿಯಿದ್ದರೆ ಹೊರಗೋಡೆಗೆ ಹೊದಿಸಿದ ಬಿಲ್ಲೆಗಳಲ್ಲಿ, ಅಂದರೆ ಸೀಡರ್ ಮರದ ತೆಳು ತುಂಡುಗಳಲ್ಲಿ, ಬಿರುಕು ಬಿಟ್ಟವನ್ನು ತೆಗೆದು, ನಮ್ಮೂರಿನ ಹೆಂಚಿನ ಮಾಡಿನಂತೆ ಕೆಳಗಿನಿಂದ ಮೇಲಕ್ಕೆ ಹೊಸತನ್ನು ಹೊದಿಸಿ. ಮೇಲಿನ ಸಾಲಿನ ಸಂದು ಕೆಳಗಿನದಕ್ಕಿಂತ 1.5 ಇಂಚಾದರೂ ಸರಿದಿರಲಿ, ಇಲ್ಲದಿದ್ದರೆ ಮಳೆನೀರು ಒಳಗಿಳಿಯುತ್ತದೆ. ಬಿಲ್ಲೆಗೆ ಎರಡೇ ಮೊಳೆ, ಅದೂ ಸ್ಟೇನ್‌ಲೆಸ್ ಸ್ಟೀಲಿನದು. ಒಮ್ಮೆ ಅಗ್ಗದ ಮೊಳೆ ಹೊಡೆದಿದ್ದೆ. ಉಪ್ಪುಗಾಳಿಗೆ ತುಕ್ಕು ಹಿಡಿದು ಗೋಡೆಯುದ್ದಕ್ಕೂ ಕಪ್ಪು ಕಲೆ ಇಳಿದಾಗ ಹೊಟ್ಟೆ ಉರಿದುಹೋಯಿತು.

ಬಣ್ಣ ಬಳಿಯಬೇಡಿ. ಬಿಳಿ ಸೀಡರ್ ಬಿಸಿಲು ಗಾಳಿಗೆ ತಾನಾಗಿಯೇ ಬೆಳ್ಳಿಬೂದು ಬಣ್ಣಕ್ಕೆ ತಿರುಗುತ್ತದೆ.