ಕಂಪ್ಯೂಟರ್ ಬೀಪ್ ಬೀಪ್ ಅಂತದೆ, ಸ್ಕ್ರೀನ್ ಬರುದಿಲ್ಲ: ಅಂಗಡಿಗೆ ಹೊರುವ ಮೊದಲು ಮನೆಯಲ್ಲೇ ನೋಡುದು ಹೇಗೆ

ಮಳೆ ಜೋರಾದ ಮೇಲೆ, ಅದ್ರಲ್ಲೂ ಆಟಿ ತಿಂಗಳಲ್ಲಿ, ನಮ್ಮ ಬದಿಯಡ್ಕ ಪೆರ್ಲ ಮುಳ್ಳೇರಿಯ ಕಡೆಯವರ ಹತ್ರ ತುಂಬ ಕೇಳುವ ಕಂಪ್ಲೇಂಟ್ ಇದು. ಬಟನ್ ಒತ್ತಿದ್ರೆ ಫ್ಯಾನ್ ತಿರುಗ್ತದೆ, ಲೈಟ್ ಉರೀತದೆ, ಒಳಗಿಂದ ಬೀಪ್ ಬೀಪ್ ಅಂತ ಶಬ್ದ ಬರ್ತದೆ, ಆದ್ರೆ ಸ್ಕ್ರೀನ್ ಕಪ್ಪು. ಕೂಡ್ಲೇ ಸಿಪಿಯು ಡಬ್ಬವನ್ನು ಗೋಣಿಯಲ್ಲಿ ಸುತ್ತಿ ಬಸ್ಸಿಗೆ ಹಾಕಿ ಕಾಸರಗೋಡು ಪೇಟೆಗೋ ಮಂಗಳೂರಿಗೋ ಹೊರಡ್ತಾರೆ, ಅಲ್ಲಿ ಯಾರಾದ್ರೂ "ಮದರ್‌ಬೋರ್ಡ್ ಹೋಗಿದೆ" ಅಂದ್ರೆ ನಂಬಿ ದುಡ್ಡು ಕೊಟ್ಟು ಬರ್ತಾರೆ. ದಯವಿಟ್ಟು ಅಷ್ಟು ಅವಸರ ಮಾಡ್ಬೇಡಿ. ಬೀಪ್ ಬರ್ತಾ ಉಂಟು ಅಂದ್ರೆ ಆ ಬೋರ್ಡಿನಲ್ಲಿ (ಎಲ್ಲ ಪಾರ್ಟುಗಳು ಕೂರುವ ಮುಖ್ಯ ಹಲಗೆ ಅದು) ಇನ್ನೂ ಜೀವ ಉಂಟು ಅಂತಲೇ ಅರ್ಥ. ಆನ್ ಆದ ಕೂಡ್ಲೇ ಬೋರ್ಡಿನ ಒಳಗಿನ ಬಯೋಸ್ ಅನ್ನುವ ಸಣ್ಣ ಪ್ರೋಗ್ರಾಮ್, ಪ್ರೊಸೆಸರ್, ಕೆಲಸ ನಡೆಯುವಾಗ ಬಳಸುವ ಮೆಮೊರಿ ಅಂದ್ರೆ ರ‍್ಯಾಮ್, ಡಿಸ್‌ಪ್ಲೇ ಎಲ್ಲ ಸರಿ ಉಂಟಾ ಅಂತ ತಾನೇ ಚೆಕ್ ಮಾಡ್ತದೆ, ತಪ್ಪು ಸಿಕ್ಕಿದ್ರೆ ತೋರಿಸ್ಲಿಕ್ಕೆ ಸ್ಕ್ರೀನ್ ಇನ್ನೂ ಬಂದಿರುದಿಲ್ಲ ಅಲ್ವಾ, ಹಾಗಾಗಿ ಶಬ್ದದಲ್ಲಿ ಹೇಳ್ತದೆ.

ಇನ್ನೊಂದು ಸಮಾಧಾನದ ಮಾತು ಮೊದ್ಲೇ ಹೇಳ್ತೇನೆ. ಈ ಹಂತದಲ್ಲಿ ಕಂಪ್ಯೂಟರ್ ಹಾರ್ಡ್ ಡಿಸ್ಕಿನಿಂದ ವಿಂಡೋಸ್ ಓದ್ಲಿಕ್ಕೆ ಶುರುವೇ ಮಾಡಿರುದಿಲ್ಲ. ಮಕ್ಕಳ ಪ್ರಾಜೆಕ್ಟ್, ಮದುವೆ ಫೋಟೋ, ನುಡಿಯಲ್ಲಿ ಟೈಪ್ ಮಾಡಿಟ್ಟ ಕಾಗದಪತ್ರ ಎಲ್ಲ ಹೋಯ್ತು ಅಂತ ಗಾಬರಿ ಬೇಡ. ಬೀಪಿಗೆ ಮದ್ದು ಅಂತ ಯಾರಾದ್ರೂ ಫಾರ್ಮ್ಯಾಟ್ ಮಾಡ್ಬೇಕು ಅಂದ್ರೆ ಒಪ್ಲೇಬೇಡಿ, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಈಗ ಮೊದಲ ಕೆಲಸ, ಶಬ್ದ ಬರುದು ಎಲ್ಲಿಂದ ಅಂತ ಕಿವಿ ಕೊಟ್ಟು ಕೇಳುದು. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುದ್ರಿಂದ ಟೇಬಲ್ ಕೆಳಗೆ ಯುಪಿಎಸ್ ಇದ್ದೇ ಇರ್ತದೆ, ಅದರ ಬ್ಯಾಟ್ರಿ ವೀಕ್ ಆದ್ರೆ ಅದೂ ಬೀಪ್ ಹೊಡೀತದೆ, ಎರಡೂ ಹತ್ರ ಹತ್ರ ಇರುದ್ರಿಂದ ಕನ್‌ಫ್ಯೂಸ್ ಆಗುದು ಸಹಜ. ಕಂಪ್ಯೂಟರಿನ ಪಿನ್ನನ್ನು ಯುಪಿಎಸ್ಸಿನಿಂದ ತೆಗ್ದು ಸೀದಾ ಗೋಡೆಯ ಮೂರು ಪಿನ್ನಿನ ಸಾಕೆಟ್ಟಿಗೆ ಹಾಕಿ, ಯುಪಿಎಸ್ ಆಫ್ ಮಾಡಿ ನೋಡಿ. ಬೀಪ್ ನಿಂತು ಕಂಪ್ಯೂಟರ್ ಆನ್ ಆದ್ರೆ ಯುಪಿಎಸ್ ಬ್ಯಾಟ್ರಿ ಬದಲಿಸಿದ್ರೆ ಆಯ್ತು. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಂ ಅಂತದಾ, ಹಾಗಿದ್ರೆ ಮುಂದಿನ ಯಾವ ಕೆಲಸಕ್ಕೂ ಕೈ ಹಾಕ್ಬೇಡಿ, ಮೊದ್ಲು ಎಲೆಕ್ಟ್ರಿಷಿಯನ್‌ನ ಕರೆದು ಅರ್ಥ್ ಸರಿ ಉಂಟಾ ನೋಡಿಸಿ.

ಶಬ್ದ ಡಬ್ಬದಿಂದಲೇ ಅಂತ ಗೊತ್ತಾದ್ರೆ ಮೊಬೈಲಿನಲ್ಲಿ ಅದನ್ನು ರೆಕಾರ್ಡ್ ಮಾಡಿಡಿ. ಉದ್ದ ಎಷ್ಟು, ಗಿಡ್ಡ ಎಷ್ಟು, ನಡುವೆ ಗ್ಯಾಪ್ ಉಂಟಾ, ಸುತ್ತಿ ಸುತ್ತಿ ಅದೇ ಬರ್ತದಾ. ಗಡಿಬಿಡಿಯಲ್ಲಿ ಲೆಕ್ಕ ತಪ್ತದೆ, ರೆಕಾರ್ಡಿಂಗ್ ಇದ್ರೆ ಹತ್ತು ಸಲ ಕೇಳ್ಬಹುದು, ಪರಿಚಯದ ಮೆಕ್ಯಾನಿಕ್ಕಿಗೆ ವಾಟ್ಸಾಪಿನಲ್ಲಿ ಕಳಿಸ್ಲೂಬಹುದು, ಅವರಿಗೆ ಕನ್ನಡ ಬರ್ಲಿ ಮಲಯಾಳ ಬರ್ಲಿ, ಬೀಪಿಗೆ ಭಾಷೆಯ ತೊಂದರೆ ಇಲ್ಲ.

ಇಷ್ಟು ಬೀಪಿಗೆ ಇಂಥದ್ದೇ ಅರ್ಥ ಅಂತ ಎಲ್ಲ ಕಂಪ್ಯೂಟರಿಗೂ ಒಂದೇ ಪಟ್ಟಿ ಇಲ್ಲ, ಇದು ತುಂಬ ಮುಖ್ಯ. ಅವಾರ್ಡ್ ಅನ್ನುವ ಕಂಪೆನಿಯ ಹಳೆ ಬಯೋಸಿನಲ್ಲಿ ಒಂದು ಉದ್ದ ಎರಡು ಗಿಡ್ಡ ಅಂದ್ರೆ ಡಿಸ್‌ಪ್ಲೇ ಸಮಸ್ಯೆ, ಆಸುಸ್ ಬೋರ್ಡಿನಲ್ಲಿ ಅದೇ ಶಬ್ದ ಬಂದ್ರೆ ರ‍್ಯಾಮ್ ಸಿಕ್ತಾ ಇಲ್ಲ ಅಂತ, ಡಿಸ್‌ಪ್ಲೇಗೆ ಅಲ್ಲಿ ಒಂದು ಉದ್ದ ಮೂರು ಗಿಡ್ಡ. ಎಎಂಐ ಅನ್ನುವ ಕಂಪೆನಿಯ ಹಳೆ ಬಯೋಸ್ ಆದ್ರೆ 1, 2, 3 ಬೀಪ್ ಮೂರೂ ಮೆಮೊರಿ ಕಡೆಯದ್ದು, 5 ಅಂದ್ರೆ ಪ್ರೊಸೆಸರ್, 8 ಅಂದ್ರೆ ಡಿಸ್‌ಪ್ಲೇ ಮೆಮೊರಿ. ಈಗ ತುಂಬ ಮನೆಗಳಲ್ಲಿರುವ ಸೆಕೆಂಡ್ ಹ್ಯಾಂಡ್ ಡೆಲ್ ಆಪ್ಟಿಪ್ಲೆಕ್ಸಿನಲ್ಲಿ 2 ಬೀಪ್ ಅಂದ್ರೆ ರ‍್ಯಾಮ್ ಕಾಣ್ತಾ ಇಲ್ಲ, 4 ಅಂದ್ರೆ ರ‍್ಯಾಮ್ ಕೆಟ್ಟಿರ್ಬಹುದು, 5 ಬಂದ್ರೆ ಒಳಗಿನ ಗಡಿಯಾರದ ಬ್ಯಾಟ್ರಿ, 6 ಬಂದ್ರೆ ವಿಡಿಯೋ. ಹಾಗಾಗಿ ನಿಮ್ಮ ಬೋರ್ಡಿನ ಮೇಲೆ ಬರೆದಿರುವ ಮಾಡೆಲ್ ನಂಬರ್ ನೋಡಿ ಅದರ ಮ್ಯಾನುವಲ್ಲಿನಲ್ಲೇ ಹುಡುಕಿ. ಪಟ್ಟಿಯಲ್ಲಿ ಬೇರೆ ಅರ್ಥ ಇಲ್ಲದಿದ್ರೆ, ಒಂದೇ ಒಂದು ಗಿಡ್ಡ ಬೀಪ್ ಬಂದು ಸುಮ್ಮನಾದ್ರೆ ಸಾಧಾರಣ ಎಲ್ಲ ಸರಿ ಉಂಟು ಅಂತ, ಆಗ ಮಾನಿಟರ್ ಕೇಬಲ್ ನೋಡಿ. ಗ್ರಾಫಿಕ್ಸ್ ಕಾರ್ಡ್ (ಡಿಸ್‌ಪ್ಲೇಗೆ ಬೇರೆಯೇ ಹಾಕಿದ ಕಾರ್ಡ್) ಇರುವ ಕಂಪ್ಯೂಟರಿನಲ್ಲಿ ಕೇಬಲ್ಲನ್ನು ಬೋರ್ಡಿನ ಕಿಂಡಿಗೆ ಹಾಕಿದ್ರೆ ಎಷ್ಟೋ ಸಲ ಸ್ಕ್ರೀನ್ ಬರುದಿಲ್ಲ, ಕಾರ್ಡಿನ ಕಿಂಡಿಗೇ ಹಾಕ್ಬೇಕು.

ಎಷ್ಟೋ ಹೊಸ ಕ್ಯಾಬಿನೆಟ್ಟುಗಳಲ್ಲಿ ಬೀಪ್ ಸ್ಪೀಕರೇ ಕೊಡುದಿಲ್ಲ, ಆಗ ಬೋರ್ಡಿನ ಮೇಲೆ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ಬರೆದ ನಾಲ್ಕು ಸಣ್ಣ ಲೈಟ್ ಉಂಟಾ ನೋಡಿ, ಡಿರ‍್ಯಾಮ್ ಅಂದ್ರೆ ರ‍್ಯಾಮ್, ವಿಜಿಎ ಅಂದ್ರೆ ಡಿಸ್‌ಪ್ಲೇ, ಯಾವುದು ಆರದೆ ನಿಲ್ತದೋ ತೊಂದರೆ ಅಲ್ಲೇ.

ಪಟ್ಟಿ ಏನೇ ಹೇಳ್ಲಿ, ಮಳೆಗಾಲದಲ್ಲಿ ನಾನು ಮೊದ್ಲು ಕೈ ಹಾಕುದು ರ‍್ಯಾಮಿಗೇ. ನಮ್ಮ ಊರಿನ ತೇವಕ್ಕೆ ರ‍್ಯಾಮಿನ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ತೆಳ್ಳಗೆ ಮಬ್ಬು ಕಟ್ತದೆ, ಅದ್ರ ಮೇಲೆ ಅಡಿಕೆ ಸುಲಿಯುವ ಧೂಳು ಬೇರೆ, ಕಾಂಟಾಕ್ಟ್ ಸಿಗುದಿಲ್ಲ. ಸ್ವಿಚ್ ಆಫ್ ಮಾಡಿ, ಪವರ್ ವಯರ್ ಹಿಂದಿಂದ ಪೂರ್ತಿ ತೆಗ್ದು, ಆಮೇಲೆ ಆನ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡೀರಿ, ಒಳಗೆ ಉಳಿದ ಕರೆಂಟ್ ಹೋಗ್ತದೆ. ಪಕ್ಕದ ಮುಚ್ಚಳ ತೆಗ್ದು ಪೇಂಟ್ ಇಲ್ಲದ ಕಬ್ಬಿಣದ ಭಾಗ ಒಂದು ಸಲ ಮುಟ್ಟಿ, ಮೈಯಲ್ಲಿದ್ದ ಸ್ಟ್ಯಾಟಿಕ್ ಇಳೀತದೆ. ಪ್ರೊಸೆಸರ್ ಫ್ಯಾನಿನ ಪಕ್ಕ ಉದ್ದಕ್ಕೆ ನಿಂತ ಪಟ್ಟಿಯೇ ರ‍್ಯಾಮ್. ಎರಡು ಕೊನೆಯ ಕ್ಲಿಪ್ಪನ್ನು ಹೊರಗೆ ಒತ್ತಿದ್ರೆ ಅದು ತಾನೇ ಮೇಲೆ ಏಳ್ತದೆ, ಕೆಲವು ಬೋರ್ಡಿನಲ್ಲಿ ಒಂದೇ ಕಡೆ ಕ್ಲಿಪ್ ಇರ್ತದೆ. ಅಂಚು ಹಿಡಿದು ತೆಗೀರಿ, ಹಲ್ಲಿಗೆ ಬೆರಳು ತಾಗಿಸ್ಬೇಡಿ, ಬೆವರು ಅಂಟ್ತದೆ. ಶಾಲೆ ಮಕ್ಕಳ ಬಿಳಿ ಮೆತ್ತಗಿನ ರಬ್ಬರ್ ಉಂಟಲ್ಲ, ಅದರಲ್ಲಿ ಎರಡೂ ಬದಿಯ ಹಲ್ಲನ್ನು ಹಗುರಕ್ಕೆ ಉಜ್ಜಿ, ಇಂಕು ಅಳಿಸುವ ಗರಗರ ರಬ್ಬರ್ ಬೇಡ, ಚಿನ್ನದ ಲೇಪ ಎದ್ದು ಹೋಗ್ತದೆ. ಉಜ್ಜುದು ಕ್ಯಾಬಿನೆಟ್ಟಿನ ಹೊರಗೆ, ಪುಡಿ ಒಳಗೆ ಬೀಳ್ಬಾರ್ದು. ಮಬ್ಬು ಹೋಗಿ ಹಲ್ಲು ಹೊಳೀಲಿಕ್ಕೆ ಶುರುವಾದದ್ದು ಕಣ್ಣಿಗೇ ಕಾಣ್ತದೆ. ಅದು ಕೂರುವ ಸ್ಲಾಟಿನ ಒಳಗೆ ಒಣಗಿದ ಮೆತ್ತಗಿನ ಪೇಂಟ್ ಬ್ರಷ್ ಆಡಿಸಿ, ಬಾಯಿಂದ ಊದ್ಬೇಡಿ, ಉಸಿರಲ್ಲೇ ನೀರಿನ ಪಸೆ ಇರ್ತದೆ.

ಹಾಕುವಾಗ ರ‍್ಯಾಮಿನ ಕಚ್ಚು ಸ್ಲಾಟಿನ ಉಬ್ಬಿಗೆ ಸರಿ ಕೂರ್ಬೇಕು, ಕೂರದಿದ್ರೆ ತಿರುಗಿಸಿ, ಬಲ ಹಾಕ್ಬೇಡಿ. ಎರಡು ಕೊನೆಯನ್ನೂ ಹೆಬ್ಬೆರಳಲ್ಲಿ ಒತ್ತಿ, ಟಕ್ ಅಂತ ಕ್ಲಿಪ್ ತಾನೇ ಮುಚ್ಚಿಕೊಳ್ಬೇಕು, ತುಂಬ ಜನ ಅರ್ಧ ಒತ್ತಿ ಬಿಡ್ತಾರೆ, ಅದಕ್ಕೇ ಬೀಪ್ ನಿಲ್ಲುದಿಲ್ಲ. ಎರಡು ರ‍್ಯಾಮ್ ಇದ್ರೆ ಮೊದ್ಲು ಒಂದೇ ಹಾಕಿ ನೋಡಿ, ಆಮೇಲೆ ಇನ್ನೊಂದು, ಆಮೇಲೆ ಸ್ಲಾಟ್ ಬದಲಿಸಿ, ಯಾವುದು ಕೆಟ್ಟದ್ದು ಅಂತ ಹೀಗೆಯೇ ಸಿಕ್ಕಿ ಬೀಳುದು. ಕೆಟ್ಟದ್ದು ಸಿಕ್ಕಿದ್ರೆ ಹೊಸತು ತಗೊಳ್ಳುವಾಗ ಹಳೆಯದನ್ನೇ ಕೈಯಲ್ಲಿ ಹಿಡ್ಕೊಂಡು ಹೋಗಿ, ಅದ್ರಲ್ಲಿ ಬೇರೆ ಬೇರೆ ಜಾತಿ ಉಂಟು, ಡಿಡಿಆರ್3 ಗೆ 240 ಪಿನ್, ಡಿಡಿಆರ್4 ಗೆ 288, ಒಂದರ ಜಾಗಕ್ಕೆ ಇನ್ನೊಂದು ಆಗುದಿಲ್ಲ.

ಇನ್ನೂ ಬೀಪ್ ಉಂಟಾ, ಗ್ರಾಫಿಕ್ಸ್ ಕಾರ್ಡ್ ಇದ್ರೆ ಅದನ್ನೂ ಹಾಗೇ ತೆಗ್ದು ಹಾಕಿ, ಸ್ಲಾಟಿನ ಕೊನೆಯ ಲಾಕ್ ಮರೀಬೇಡಿ, ಪವರ್ ವಯರ್ ಬೇಕಾದ ಕಾರ್ಡಾದ್ರೆ ಅದೂ ಕೂತಿರ್ಬೇಕು. ಬೋರ್ಡಿನಲ್ಲೇ ಡಿಸ್‌ಪ್ಲೇ ಇದ್ರೆ ಕಾರ್ಡ್ ಇಲ್ಲದೆ ಒಂದು ಸಲ ನೋಡಿ. ಕೀಬೋರ್ಡ್, ಪೆನ್‌ಡ್ರೈವ್, ಪ್ರಿಂಟರ್ ಎಲ್ಲ ಕಿತ್ತು ನೋಡಿ, ಕೀಬೋರ್ಡಿನ ಒಂದು ಕೀ ಒತ್ತಿ ಹಿಡಿದ ಹಾಗೆ ಸಿಕ್ಕಿಕೊಂಡ್ರೂ ಬೀಪ್ ಬರ್ತದೆ. ಬೋರ್ಡಿನ ಮೇಲೆ ಗಡಿಯಾರಕ್ಕಿರುವ, ದುಡ್ಡಿನ ಬಿಲ್ಲೆಯ ಹಾಗಿನ ಬ್ಯಾಟ್ರಿಗೆ ಸಿಆರ್2032 ಅಂತ ಹೆಸರು, 3 ವೋಲ್ಟಿನದ್ದು, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗ್ತದೆ, ಪವರ್ ವಯರ್ ತೆಗ್ದ ಮೇಲೆ ಅದನ್ನು ಹತ್ತು ನಿಮಿಷ ತೆಗ್ದಿಟ್ಟು ಪ್ಲಸ್ ಬದಿ ಮೇಲೆ ಬರುವ ಹಾಗೆ ಹಾಕಿದ್ರೆ ಬಯೋಸ್ ಸೆಟ್ಟಿಂಗ್ ಮೊದಲಿನ ಹಾಗಾಗ್ತದೆ, ಕೆಲವೊಮ್ಮೆ ಅಷ್ಟಕ್ಕೇ ಸರಿಯಾಗ್ತದೆ. ಡಬ್ಬದ ಒಳಗೆ ಹಲ್ಲಿ ಮೊಟ್ಟೆಯೋ ಇರುವೆ ಗೂಡೋ ಕಂಡ್ರೆ ಬ್ರಷ್ಷಿನಲ್ಲಿ ತೆಗೀರಿ, ಆದ್ರೆ ಪವರ್ ಸಪ್ಲೈಯ ಪೆಟ್ಟಿಗೆ ಮಾತ್ರ ಬಿಚ್ಲೇಬೇಡಿ, ವಯರ್ ತೆಗ್ದ ಮೇಲೂ ಅದರ ಕೆಪಾಸಿಟರಿನಲ್ಲಿ ಕರೆಂಟ್ ಉಳಿದಿರ್ತದೆ, ಜೀವಕ್ಕೆ ಅಪಾಯ.

ಕೊನೆಯ ಪರೀಕ್ಷೆ ಒಂದುಂಟು, ಸ್ಪೀಕರ್ ಇರುವ ಕಂಪ್ಯೂಟರಿಗೆ ಇದು ಬಹಳ ಉಪಕಾರ. ರ‍್ಯಾಮ್ ಪೂರ್ತಿ ತೆಗ್ದು ಆನ್ ಮಾಡಿ. ರ‍್ಯಾಮ್ ಇಲ್ಲ ಅಂತ ಅದು ಬೀಪ್ ಹೊಡೆದ್ರೆ ಬೋರ್ಡೂ ಪ್ರೊಸೆಸರೂ ಅಷ್ಟರ ಮಟ್ಟಿಗೆ ಕೆಲಸ ಮಾಡ್ತಾ ಉಂಟು, ಮದರ್‌ಬೋರ್ಡ್ ಹೋಗಿದೆ ಅನ್ನುವವರಿಗೆ ಇದನ್ನು ಧೈರ್ಯವಾಗಿ ಹೇಳಿ. ಮೊದ್ಲು ಬೀಪ್ ಬರ್ತಿದ್ದದ್ದು ಈಗ ರ‍್ಯಾಮ್ ಇಲ್ಲದಾಗಲೂ ಪೂರ್ತಿ ಮೌನ ಅಂದ್ರೆ ಮಾತ್ರ ಪವರ್ ಸಪ್ಲೈ, ಬೋರ್ಡ್, ಪ್ರೊಸೆಸರ್ ಕಡೆ ಸಂಶಯ ಪಡ್ಬೇಕು, ತುಲಾ ತಿಂಗಳ ಸಿಡಿಲಿಗೆ ಸಿಕ್ಕಿದ್ದು ಸಾಧಾರಣ ಹೀಗೇ ಆಗುದು. ಸಂಜೆ ಗುಡುಗು ಶುರುವಾದಾಗ ಸ್ವಿಚ್ ಆಫ್ ಮಾಡಿದ್ರೆ ಸಾಲದು, ಪಿನ್ ಕಿತ್ತು ಇಂಟರ್ನೆಟ್ಟಿನ ಲ್ಯಾನ್ ವಯರನ್ನೂ ಕಿತ್ತಿಡ್ಬೇಕು.

ಮಳೆಗಾಲದಲ್ಲಿ ದಿನಕ್ಕೆ ಅರ್ಧ ಗಂಟೆ ಆದ್ರೂ ಕಂಪ್ಯೂಟರ್ ಆನ್ ಮಾಡಿಡಿ, ಒಳಗೆ ಬಿಸಿಯಾಗಿ ತೇವ ಆರ್ತದೆ, ಡಬ್ಬವನ್ನು ಗೋಡೆಗೆ ತಾಗಿಸಿ ನೆಲದ ಮೇಲೆ ಇಡ್ಬೇಡಿ. ಇಷ್ಟೆಲ್ಲ ಮಾಡಿಯೂ ಅಂಗಡಿಗೆ ಕೊಂಡೋಗ್ಲೇಬೇಕಾದ್ರೆ ಬೀಪಿನ ರೆಕಾರ್ಡಿಂಗ್, ಬೋರ್ಡಿನ ಮಾಡೆಲ್ ನಂಬರಿನ ಫೋಟೋ, ಯಾವ ರ‍್ಯಾಮ್ ಯಾವ ಸ್ಲಾಟಿನಲ್ಲಿ ಹಾಕಿ ನೋಡಿದ್ದೀರಿ ಅನ್ನುವ ಚೀಟಿ ತಗೊಂಡು ಹೋಗಿ, ಪಾರ್ಟ್ ಬದಲಿಸಿದ್ರೆ ಹಳೆಯದನ್ನು ಕೇಳಿ ವಾಪಸ್ ತನ್ನಿ.